ಮಾಹಿತಿಗೊಂದು ಕಣಜ

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಂದೆ ರಾಗಿ, ಜೋಳಗಳನ್ನು ಕೂಡಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರು. ಗುದ್ದಲಿ ಹಿಡಿಯುವ ಮುನ್ನ ಹಿರಿಯರು ವಿಚಾರ ಮಾಡುತ್ತಿದ್ದರು: ನೀರು ಜಿನುಗದ ನೆಲ ಯಾವುದು? ಎಷ್ಟು ಕಾಳು ಬಂದೀತು? ಎಷ್ಟು ಕಾಲ ಇಡಬೇಕು? ಗಣಕಯಂತ್ರಗಳ ಮಾಹಿತಿಯನ್ನು ಕೂಡಿಡಲು ಹೊರಟವನೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬಹುಮಟ್ಟಿಗೆ ಇವೇ.

ಒಂದು ಸಂಸ್ಥೆಯಲ್ಲಿ ಹತ್ತು ಸರ್ವರುಗಳಿವೆ ಎನ್ನೋಣ. ಪ್ರತಿಯೊಂದರ ಹೊಟ್ಟೆಯೊಳಗೂ ಅದರದೇ ಡಿಸ್ಕುಗಳು. ಒಂದರಲ್ಲಿ ಜಾಗ ಸಾಲದು. ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದು. ಆದರೂ ಒಂದರ ಬರಿದು ಇನ್ನೊಂದರ ಕೊರತೆಗೆ ಒದಗದು. ಆದ್ದರಿಂದ ಡಿಸ್ಕುಗಳನ್ನೆಲ್ಲ ಒಂದೆಡೆ ಜೋಡಿಸಿ, ಅವಕ್ಕೂ ಸರ್ವರುಗಳಿಗೂ ನಡುವೆ ಮಾಹಿತಿ ಸಾಗಾಟಕ್ಕಾಗಿಯೇ ಪ್ರತ್ಯೇಕ ಜಾಲವೊಂದನ್ನು ಹೆಣೆಯುತ್ತಾರೆ. ಇದೇ ಶೇಖರಣಾ ಜಾಲ. ಸಾಮೂಹಿಕ ಕಣಜದಲ್ಲಿ ಪ್ರತಿ ಮನೆಗೂ ಅಳೆದುಕೊಟ್ಟ ಪಾಲಿರುವಂತೆ, ಪ್ರತಿ ಸರ್ವರಿಗೂ ಅದರ ಪಾಲು. ಆ ಪಾಲು ತನ್ನದೇ ಡಿಸ್ಕು ಎಂದೇ ಸರ್ವರು ಭಾವಿಸುತ್ತದೆ.

ಆಸ್ಪತ್ರೆಯೊಂದಕ್ಕೆ ಇಂಥ ಜಾಲದ ಯೋಜನೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಂತ್ರ ಮಾರುವವರ ಬೆಲೆಪಟ್ಟಿಯನ್ನು ಬದಿಗಿಟ್ಟು ನಾನು ಮೊದಲು ವೈದ್ಯರನ್ನೂ ಲೆಕ್ಕಪತ್ರದವರನ್ನೂ ಎರಡು ಮಾತು ಕೇಳಿದೆ. ಮಾಹಿತಿ ಕೈಗೆ ಸಿಗದಿದ್ದರೆ ಎಷ್ಟು ಹೊತ್ತು ತಡೆದುಕೊಳ್ಳಬಲ್ಲಿರಿ? ಅವಘಡವಾದರೆ ಎಷ್ಟು ಹೊತ್ತಿನ ಬರಹ ಕಳೆದುಹೋದರೂ ಸಹಿಸಬಲ್ಲಿರಿ? ಲೆಕ್ಕಪತ್ರದವರು ಒಂದು ದಿನ ಎಂದರು. ಶಸ್ತ್ರಚಿಕಿತ್ಸೆಯ ವಿಭಾಗದವರು ಕೆಲವು ನಿಮಿಷ ಎಂದರು. ಖರ್ಚಿನ ಗಾತ್ರವನ್ನು ನಿರ್ಧರಿಸುವುದು ಈ ಉತ್ತರಗಳೇ.

ಅನಂತರ ಅಳತೆಯ ಮಾತು. ಇಂದು 10 ಟೆರಾಬೈಟ್ ಮಾಹಿತಿ ಇದೆ, ಅದು ವರ್ಷಕ್ಕೆ ಕಾಲುಭಾಗದಷ್ಟು ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಅದು ಸುಮಾರು 30 ಟೆರಾಬೈಟ್. ತಲಾ 4 ಟೆರಾಬೈಟಿನ 12 ಡಿಸ್ಕುಗಳನ್ನು ತಂದರೆ ಒಟ್ಟು 48. ಆದರೆ ಅಷ್ಟೂ ನಮಗೆ ದಕ್ಕದು. ಡಿಸ್ಕು ಕೆಡುವ ವಸ್ತು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 'ರೇಡ್' ಎಂಬ ವಿಧಾನವನ್ನು ವಿವರಿಸಿದ ಪ್ರಬಂಧವನ್ನು ಪ್ರಕಟಿಸಿದರು. ಹಲವು ಡಿಸ್ಕುಗಳಲ್ಲಿ ಮಾಹಿತಿಯನ್ನು ಹಂಚಿ, ಜೊತೆಗೆ ತಾಳೆಯ ಲೆಕ್ಕವನ್ನೂ ಬರೆದಿಟ್ಟರೆ, ಒಂದು ಕೆಟ್ಟಾಗ ಉಳಿದವುಗಳಿಂದ ಅದರಲ್ಲಿದ್ದುದನ್ನು ಮತ್ತೆ ಕಟ್ಟಿಕೊಳ್ಳಬಹುದು. ಹೀಗೆ ಕಟ್ಟಲು ಇಂದಿನ ದೊಡ್ಡ ಡಿಸ್ಕುಗಳಿಗೆ ಹಲವು ಗಂಟೆಗಳೇ ಬೇಕು. ಅಷ್ಟರಲ್ಲಿ ಎರಡನೆಯದೂ ಕೈಕೊಡಬಹುದು. ಅದಕ್ಕಾಗಿ ಎರಡು ಡಿಸ್ಕುಗಳ ನಷ್ಟವನ್ನು ತಾಳಬಲ್ಲ 'ರೇಡ್ 6' ಕ್ರಮವನ್ನೇ ನಾನು ಆರಿಸಿದೆ. ಎರಡು ಡಿಸ್ಕಿನಷ್ಟು ಜಾಗ ತಾಳೆಗೆ ಹೋಗಿ 40 ಉಳಿಯಿತು. ಅದರಲ್ಲಿ ಐದನೆಯ ಒಂದು ಪಾಲನ್ನು ಬರಿದಾಗಿಟ್ಟರೆ 32. ನಮ್ಮ ಐದು ವರ್ಷಕ್ಕೆ ಅದು ಸಾಕು.

ದಾರಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಎಲ್ಲರ ಧಾನ್ಯವೂ ಒಂದೇ ಕಡೆ ಇರುವಾಗ ಅಲ್ಲಿಗೆ ಹೋಗುವ ಸೇತುವೆ ಮುರಿದರೆ ಊರಿಗೆ ಊರೇ ಉಪವಾಸ. ಆದ್ದರಿಂದ ಪ್ರತಿ ಸರ್ವರಿನಿಂದ ಎರಡು ತಂತಿ, ಎರಡು ಸ್ವಿಚ್ಚು, ಎರಡು ನಿಯಂತ್ರಕ. ಇವೆಲ್ಲವನ್ನೂ ಒಂದೇ ವಿದ್ಯುತ್ ಮೂಲಕ್ಕೆ ಸಿಕ್ಕಿಸಿದರೆ ಎರಡು ಎಂಬುದು ಬರಿಯ ತೋರಿಕೆ. ವಿದ್ಯುತ್ತೂ ಎರಡು ಕಡೆಯಿಂದ ಬರಬೇಕು. ಯಾವ ಪಾಲು ಯಾವ ಸರ್ವರಿಗೆ ಕಾಣಬೇಕೆಂಬ ಕಟ್ಟಳೆಯೂ ಬೇಕು. ಒಂದೇ ಕಡತದ ಒಂದೇ ಪುಟದಲ್ಲಿ ಇಬ್ಬರು ಶಾನುಭೋಗರು ಪರಸ್ಪರ ಅರಿಯದೆ ಬರೆಯತೊಡಗಿದರೆ ಲೆಕ್ಕವೇನಾದೀತು? ಹೊಂದಾಣಿಕೆಯ ವ್ಯವಸ್ಥೆಯಿಲ್ಲದೆ ಎರಡು ಸರ್ವರುಗಳು ಒಂದೇ ಪಾಲಿನಲ್ಲಿ ಬರೆದರೂ ಅದೇ ಗತಿ.

ಇಷ್ಟರವರೆಗೆ ಯಾರ ತಕರಾರೂ ಇರಲಿಲ್ಲ. ಭಿನ್ನಾಭಿಪ್ರಾಯ ಹುಟ್ಟಿದ್ದು ಹಣದ ಹಂಚಿಕೆಯಲ್ಲಿ. ಗಾಜಿನ ಎಳೆಗಳ ಮೂಲಕ ಮಿಂಚಿನಂತೆ ಸಾಗಿಸುವ ಫೈಬರ್ ಚಾನೆಲ್ ಜಾಲವೇ ಬೇಕೆಂದು ಆಡಳಿತ ಮಂಡಳಿಯವರು ಬಯಸಿದರು. ಅದು ಉತ್ತಮ ವ್ಯವಸ್ಥೆಯೇ. ಆದರೆ ಸಾಮಾನ್ಯ ಈಥರ್ನೆಟ್ ತಂತಿಯ ಮೇಲೆಯೇ ನಡೆಯುವ ಐಸ್ಕಸಿ ಎಂಬ ಕ್ರಮ 2004ರಲ್ಲಿ ಪ್ರಮಾಣೀಕೃತವಾಗಿದೆ. ಆ ಆಸ್ಪತ್ರೆಯ ಕೆಲಸಕ್ಕೆ ಅದರ ವೇಗ ಸಾಕಾಗಿತ್ತು. ಉಳಿಯುವ ಹಣದಲ್ಲಿ ಮಾಹಿತಿಯ ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡೋಣವೆಂಬುದು ನನ್ನ ವಾದ. ರೇಡ್ ಇದೆಯಲ್ಲ, ಇನ್ನೊಂದು ಪ್ರತಿ ಏಕೆ ಎಂದು ಅವರು ಕೇಳಿದರು. ರೇಡ್ ಕಾಪಾಡುವುದು ಕೆಟ್ಟ ಡಿಸ್ಕಿನಿಂದ ಮಾತ್ರ. ಯಾರಾದರೂ ತಿಳಿಯದೆ ಒಂದು ಕಡತವನ್ನು ಅಳಿಸಿದರೆ, ಆ ಅಳಿಸುವಿಕೆಯನ್ನೂ ಅದು ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ಬೆಂಕಿಯ ಮುಂದಂತೂ ಅದು ನಿರುಪಾಯ.

ಇದು ಊಹೆಯ ಮಾತಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಮಾಹಿತಿ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಎದ್ದಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಸುಮಾರು 858 ಟೆರಾಬೈಟಿನ ಭಂಡಾರ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದೆಂದು ಅದಕ್ಕೆ ಹೊರಗೆಲ್ಲೂ ಪ್ರತಿ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಮುಂದುವರಿದ ದೇಶದ ಕಥೆಯಿದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಫಲ?

ನಮ್ಮ ಆಸ್ಪತ್ರೆಯವರು ಕೊನೆಗೆ ಎರಡನೆಯ ಪ್ರತಿಗೆ ಒಪ್ಪಿದರು. ನಾನು ಇನ್ನೊಂದು ಷರತ್ತನ್ನೂ ಸೇರಿಸಿದೆ: ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಕೆಲವು ಕಡತಗಳನ್ನು ನಿಜವಾಗಿಯೂ ಹೊರತೆಗೆದು ಓದಿ ನೋಡಬೇಕು. ಕಾಳು ತುಂಬಿಟ್ಟರಷ್ಟೇ ಸಾಲದು. ಅದು ಹುಳು ಹಿಡಿದಿಲ್ಲವೆಂಬುದು ಮುಚ್ಚಳ ತೆಗೆದು ನೋಡಿದಾಗಲೇ ತಿಳಿಯುವುದು.

ಆ ಡಿಸ್ಕುಗಳಲ್ಲಿರುವುದು ಬರಿಯ ಸೊನ್ನೆ, ಒಂದುಗಳಲ್ಲ. ಹತ್ತು ವರ್ಷದ ಹಿಂದೆ ತೆಗೆದ ಒಂದು ಎದೆಯ ಚಿತ್ರ, ಯಾರೋ ಮಗುವಿಗೆ ಯಾವ ಔಷಧಿ ಒಗ್ಗದೆಂದು ವೈದ್ಯರು ಬರೆದ ಒಂದು ಸಾಲು ಅಲ್ಲಿದೆ. ಆ ತಾಯಿತಂದೆಯರಿಗೆ ಈ ಜಾಲದ ಹೆಸರೂ ತಿಳಿದಿರುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ. ಕೇಳಿದ ದಿನ ಆ ಸಾಲು ವೈದ್ಯರ ಕಣ್ಣಿಗೆ ಬಿದ್ದರೆ, ಯೋಜನೆ ಹಾಕಿದವನ ಶ್ರಮ ಸಾರ್ಥಕ.