ತಪ್ಪು ಯಾರದು ಎಂದು ಕೇಳುವ ಮೊದಲು



ಆಸ್ಪತ್ರೆಯಲ್ಲಿ ಔಷಧ ಬದಲಾಗಿ ರೋಗಿಯೊಬ್ಬ ಮರಣಿಸಿದರೆ ಮೊದಲು ಏಳುವ ಪ್ರಶ್ನೆ ‘ತಪ್ಪು ಯಾರದು?’ ಎಂಬುದು. ದಾದಿಯೊಬ್ಬಳನ್ನು ಕೆಲಸದಿಂದ ತೆಗೆದರೆ ನ್ಯಾಯ ದೊರೆಯಿತೆಂದು ಎಲ್ಲರೂ ಸಮಾಧಾನಗೊಳ್ಳುತ್ತಾರೆ. ಆದರೆ ಸಾಂದ್ರ ಪೊಟ್ಯಾಸಿಯಂ ಕ್ಲೋರೈಡಿನ ಸೀಸೆ, ಅದರಂತೆಯೇ ಕಾಣುವ ಬೇರೆ ಔಷಧದ ಪಕ್ಕದಲ್ಲಿ, ಅದೇ ಕಪಾಟಿನಲ್ಲಿ ಉಳಿದಿರುತ್ತದೆ. ನೇರವಾಗಿ ರಕ್ತನಾಳಕ್ಕೆ ಸೇರಿದರೆ ಅದು ಹೃದಯವನ್ನೇ ನಿಲ್ಲಿಸಬಲ್ಲದು. ರಾತ್ರಿಪಾಳಿಯ ದಣಿದ ಕೈಗೆ ನಾಳೆಯೂ ಅದು ಸಿಕ್ಕೀತು. ಆ ಸೀಸೆಯನ್ನು ವಾರ್ಡಿನಿಂದ ತೆಗೆದು, ತಕ್ಕ ಪ್ರಮಾಣದಲ್ಲಿ ಮೊದಲೇ ಬೆರೆಸಿದ ದ್ರಾವಣವನ್ನಷ್ಟೇ ಅಲ್ಲಿಗೆ ಕಳುಹಿಸುವುದು ನಿಜವಾದ ಪರಿಹಾರ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಪರಿಶೀಲನಾ ಪಟ್ಟಿಯನ್ನು ರೂಪಿಸಿತು. ರೋಗಿ ಯಾರು, ಶಸ್ತ್ರಕ್ರಿಯೆ ದೇಹದ ಯಾವ ಭಾಗಕ್ಕೆ ಎಂಬುದನ್ನು ತಂಡವು ಬಾಯಿಬಿಟ್ಟು ಹೇಳಿ ದೃಢಪಡಿಸಿಕೊಳ್ಳಬೇಕು. ಹೊಸದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಮರಣ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಪಟ್ಟಿಯನ್ನು ಕಡ್ಡಾಯಗೊಳಿಸಿದಾಗ ಅಂಥ ಇಳಿಕೆ ಕಾಣಲಿಲ್ಲ. ಕಾಗದದ ಮೇಲೆ ಗುರುತು ಹಾಕಿದ ಮಾತ್ರಕ್ಕೆ ಜೀವ ಉಳಿಯದು. ಕಿರಿಯ ದಾದಿಯು ಹಿರಿಯ ಶಸ್ತ್ರವೈದ್ಯರನ್ನು ತಡೆದು ಕೇಳುವ ನಿರ್ಭಯತೆಯೂ ಬೇಕು.

ಧರ್ಮಾರ್ಥ ಆಸ್ಪತ್ರೆಗಳಿಗೆ ಉದಾರವಾಗಿ ದಾನ ನೀಡುವ ಸಮಾಜವು ಹೊಸ ಕಟ್ಟಡದ ಶಿಲಾಫಲಕವನ್ನು ಕಂಡು ತೃಪ್ತಿಪಡಬಾರದು. ‘ಇಲ್ಲಿ ತಪ್ಪನ್ನು ಒಪ್ಪಿಕೊಂಡವರಿಗೆ ದೊರೆಯುವುದು ಶಿಕ್ಷೆಯೋ, ರಕ್ಷಣೆಯೋ?’ ಎಂದು ಆಡಳಿತ ಮಂಡಳಿಯನ್ನು ಕೇಳಬೇಕು. ಉದ್ದೇಶಪೂರ್ವಕ ಅಲಕ್ಷ್ಯಕ್ಕೆ ದಂಡನೆ ಇರಲಿ. ಆದರೆ ಭಯದಿಂದ ಮುಚ್ಚಿಟ್ಟ ಪ್ರಾಮಾಣಿಕ ತಪ್ಪು ಮತ್ತೊಂದು ಹಾಸಿಗೆಯ ಬಳಿ ಮರುಕಳಿಸುತ್ತದೆ.