ದಿನನಿತ್ಯದ ಔಷಧಿಯೂ ನಮ್ಮ ವಿಶ್ವಾಸವೂ

(ಶತಮಾನೋತ್ಸವ ವರ್ಷದ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ಬಲಿಪೂಜೆಯ ನಂತರ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಲೂರ್ದುಮಾತೆಯ ಹಬ್ಬದ ಈ ದಿನವನ್ನು ಸಂತ ಎರಡನೆಯ ಜಾನ್ ಪೌಲರ ಇಚ್ಛೆಯಂತೆ ಧರ್ಮಸಭೆಯು 1993ರಿಂದ ವಿಶ್ವ ರೋಗಿಗಳ ದಿನವನ್ನಾಗಿ ಆಚರಿಸುತ್ತಾ ಬಂದಿದೆ. ಇಂದು ಅಭ್ಯಂಗ ಸಂಸ್ಕಾರವನ್ನು ಪಡೆದು ಮುಂದಿನ ಸಾಲುಗಳಲ್ಲಿ ಕುಳಿತಿರುವ ಹಿರಿಯರಲ್ಲಿ ಹಾಸಿಗೆ ಹಿಡಿದವರು ವಿರಳ. ಹೆಚ್ಚಿನವರು ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಥೈರಾಯ್ಡ್, ಹೃದ್ರೋಗ ಮುಂತಾದ, ಸಾಮಾನ್ಯವಾಗಿ ಪೂರ್ತಿ ಗುಣವಾಗದಿದ್ದರೂ ಹತೋಟಿಯಲ್ಲಿಟ್ಟುಕೊಳ್ಳಬಹುದಾದ ವ್ಯಾಧಿಗಳೊಡನೆ ಬಾಳುತ್ತಿರುವವರು. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿದ ಕಾಲಕ್ಕೆ, ದೂರದ ಟೊರಾಂಟೊ ನಗರದಲ್ಲಿ ಇನ್ಸುಲಿನ್ನನ್ನು ಮೊದಲ ರೋಗಿಗೆ ಚುಚ್ಚಿ (1922) ಕೆಲವೇ ವರ್ಷಗಳಾಗಿದ್ದವು. ರಕ್ತದ ಒತ್ತಡಕ್ಕೆ ನಿತ್ಯವೂ ನಿರ್ಭಯವಾಗಿ ನುಂಗಬಹುದಾದ ಮಾತ್ರೆಗಳು ಬಳಕೆಗೆ ಬರಲು 1950ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ನಮ್ಮ ಅಜ್ಜ ಅಜ್ಜಿಯರಿಗೆ ದೊರೆಯದ ವರವು ಇಂದು ನಮ್ಮ ಮನೆಯ ಡಬ್ಬದಲ್ಲಿದೆ. ಆದರೂ ಅದನ್ನು ನಾವು ಹೇಗೆ ಬಳಸುತ್ತಿದ್ದೇವೆ?

ಮೊದಲನೆಯ ಶುಕ್ರವಾರಗಳಂದು ರೋಗಿಗಳ ಮನೆಗಳಿಗೆ ಪರಮಪ್ರಸಾದವನ್ನು ಕೊಂಡೊಯ್ಯುವಾಗ ನಾವು ಕೇಳುವ ಮಾತು ಒಂದೇ: "ಫಾದರ್, ಈಗ ಚೆನ್ನಾಗಿದ್ದೇನೆ, ಮಾತ್ರೆ ಬಿಟ್ಟಿದ್ದೇನೆ." ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದು ಹೊಳೆಯುವುದಿಲ್ಲ. ರಕ್ತದ ಒತ್ತಡವು ಏರಿದಾಗ ನೋವಾಗಲಿ, ಜ್ವರವಾಗಲಿ ಕಾಣಿಸದಿರಬಹುದು. ಪಾರ್ಶ್ವವಾಯು ಬಡಿದ ದಿನವೇ ಅದು ತನ್ನ ಇರವನ್ನು ತೋರುವುದುಂಟು. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳನ್ನಂತೂ ಹಠಾತ್ತಾಗಿ ನಿಲ್ಲಿಸಿದರೆ ಎದೆಬಡಿತವೇರಿ, ಹೃದ್ರೋಗವುಳ್ಳವರಲ್ಲಿ ಹೃದಯಾಘಾತವೂ ಸಂಭವಿಸಬಹುದು.

ಇದಕ್ಕಿಂತಲೂ ನಮ್ಮನ್ನು ಕಾಡುವುದು, ಭಕ್ತಿಯ ಹೆಸರಿನಲ್ಲಿ ಮಾತ್ರೆ ಬಿಡುವುದು. ಧ್ಯಾನಕೂಟಕ್ಕೆ ಹೋಗಿಬಂದವರು, ಹರಕೆ ಹೊತ್ತವರು, "ಪ್ರಭುವೇ ಗುಣಪಡಿಸಿದ್ದಾರೆ, ಇನ್ನು ಮಾತ್ರೆ ನುಂಗಿದರೆ ಅವಿಶ್ವಾಸವಾದೀತು" ಎನ್ನುತ್ತಾರೆ. ದೇವರು ಗುಣಪಡಿಸಬಲ್ಲರೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಲೂರ್ದಿನಲ್ಲಿಯೇ ನೋಡಿರಿ: ಗುಣವಾದೆವೆಂದು ಬರುವವರನ್ನು ಪರಿಶೀಲಿಸಲು ಅಲ್ಲಿ 1883ರಿಂದಲೂ ವೈದ್ಯರ ಕಚೇರಿಯೊಂದಿದೆ. ಸಾವಿರಾರು ಮಂದಿ ಹೇಳಿಕೊಂಡರೂ ಧರ್ಮಸಭೆಯು ಅದ್ಭುತವೆಂದು ಸಾರಿರುವುದು ಎಪ್ಪತ್ತರಷ್ಟು ಮಾತ್ರ. ಪ್ರಭು ಯೇಸು ತಾವೇ ಹತ್ತು ಕುಷ್ಠರೋಗಿಗಳಿಗೆ, ಹೋಗಿ ಯಾಜಕರಿಗೆ ತೋರಿಸಿಕೊಳ್ಳುವಂತೆ ಅಪ್ಪಣೆ ಮಾಡಿದರು. ಆ ಕಾಲದಲ್ಲಿ ಕುಷ್ಠವು ವಾಸಿಯಾಯಿತೇ ಎಂದು ಪರೀಕ್ಷಿಸುವ ಹೊಣೆ ಯಾಜಕರದಾಗಿತ್ತು. ಇಂದು ಅದು ರಕ್ತಪರೀಕ್ಷೆಯ ಪ್ರಯೋಗಾಲಯದ್ದು. ಅದಕ್ಕಾಗಿ ಯಾಜಕರಾದ ನಾವು ದೇವರಿಗೆ ಕೃತಜ್ಞರು! ಗುಣವಾಗಿದ್ದರೆ ಪರೀಕ್ಷೆಯು ಅದನ್ನು ತಿಳಿಸುವುದು, ವೈದ್ಯರೇ ಮಾತ್ರೆಯನ್ನು ಇಳಿಸುವರು. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಈ ರಾತ್ರಿ ಮನೆಯಲ್ಲಿ ಓದಿರಿ. ಔಷಧಿಯನ್ನು ಭೂಮಿಯಿಂದ ಬರಮಾಡಿದವರು ದೇವರೇ ಎಂದು ಹೇಳುವ ಆ ಜ್ಞಾನಿಯು ಪ್ರಾರ್ಥನೆಯನ್ನೂ ವೈದ್ಯನನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ಇನ್ನು ಉಪವಾಸದ ಮಾತು. ತಪಸ್ಸುಕಾಲವು ಸಮೀಪಿಸಿದೆ. ಹಿಂದೊಮ್ಮೆ ಶುಕ್ರವಾರದ ಶಿಲುಬೆಯ ಹಾದಿಯಲ್ಲಿ ವೃದ್ಧೆಯೊಬ್ಬರು ಬೆವೆತು, ನಡುಗಿ, ಒಂಬತ್ತನೆಯ ಸ್ಥಳದ ಬಳಿ ಕುಸಿದುಬಿದ್ದರು. ಬೆಳಗಿನಿಂದ ಊಟವಿರಲಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದ್ದರು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳನ್ನಾಗಲಿ, ಇನ್ಸುಲಿನ್ನನ್ನಾಗಲಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿನ ಸಕ್ಕರೆಯು 70ಕ್ಕಿಂತ ಕೆಳಗಿಳಿದು ಪ್ರಾಣಕ್ಕೇ ಅಪಾಯ. ಬೆವರು, ನಡುಕ, ಮಾತು ತೊದಲುವುದು, ದಿಕ್ಕು ತೋಚದಿರುವುದು ಕಂಡೊಡನೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಸಿ, ಬಳಿಕ ಊಟ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಆಸ್ಪತ್ರೆಗೇ ಒಯ್ಯಬೇಕು.

ಧರ್ಮಸಭೆಯು ಇಂತಹ ಉಪವಾಸವನ್ನು ಕೇಳಿಯೇ ಇಲ್ಲ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಉಪವಾಸದ ಕಟ್ಟಳೆಯು 59 ವರ್ಷ ತುಂಬಿದವರನ್ನು ಬಂಧಿಸುವುದಿಲ್ಲ. ಅದಕ್ಕಿಂತ ಕಿರಿಯರಾದ ರೋಗಿಗಳಿಗೂ ವಿನಾಯಿತಿಯುಂಟು. ಪರಮಪ್ರಸಾದದ ಮುನ್ನಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧಿಯಾಗಲಿ ಮುರಿಯುವುದಿಲ್ಲ. ವೃದ್ಧರು, ರೋಗಿಗಳು ಹಾಗೂ ಅವರ ಶುಶ್ರೂಷೆ ಮಾಡುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದವನ್ನು ಸ್ವೀಕರಿಸಬಹುದು. ನಡುರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ಹಳೆಯ ಕಟ್ಟಳೆಯನ್ನು ಹನ್ನೆರಡನೆಯ ಭಕ್ತಿನಾಥರು 1953ರಲ್ಲಿಯೇ ಸಡಿಲಿಸಿದರು. ಆದರೂ ಬೆಳಗಿನ ಪೂಜೆಗೆ ಬರುವ ತಾಯಂದಿರು ಥೈರಾಯ್ಡ್ ಮಾತ್ರೆಯನ್ನು ಮಧ್ಯಾಹ್ನಕ್ಕೆ ಮುಂದೂಡುತ್ತಾರೆ. ಅದನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನೀರಿನೊಡನೆ ನುಂಗಬೇಕು. ಪೂಜೆಗೆ ಹೊರಡುವ ವೇಳೆಯೇ ಅದಕ್ಕೆ ತಕ್ಕ ವೇಳೆ.

ಔಷಧಿಯ ಡಬ್ಬದ ವಿಷಯಕ್ಕೆ ಬರೋಣ. ಅನೇಕ ಮನೆಗಳಲ್ಲಿ ಪವಿತ್ರ ಹೃದಯದ ಪಟದ ಕೆಳಗೆ ಹಳೆಯ ಬಿಸ್ಕತ್ತಿನ ಡಬ್ಬವೊಂದಿರುತ್ತದೆ. ಅದರೊಳಗೆ ತೀರಿಹೋದ ತಾತನ ಮಾತ್ರೆ, ಮಗಳ ನೋವಿನ ಮಾತ್ರೆ, ಕತ್ತರಿಯಿಂದ ಕತ್ತರಿಸಿ ಹೆಸರೂ ಅವಧಿಯ ದಿನಾಂಕವೂ ಹಾರಿಹೋದ ಹಾಳೆ ತುಂಡುಗಳು. ವೈದ್ಯರು ಬರೆದ ಮಾತ್ರೆಯೂ ಜನೌಷಧಿ ಕೇಂದ್ರದಿಂದ ತಂದ ಮಾತ್ರೆಯೂ ಹೆಸರಿನಲ್ಲಿ ಬೇರೆಯಾದರೂ ಒಳಗಿನ ಮದ್ದು ಒಂದೇ ಆಗಿರಬಹುದು; ಎರಡನ್ನೂ ನುಂಗಿದರೆ ಇಮ್ಮಡಿಯಾಯಿತು. ಆದ್ದರಿಂದ ಹಾಳೆಯ ಮೇಲಿನ ದೊಡ್ಡ ಹೆಸರನ್ನಲ್ಲ, ಮದ್ದಿನ ಹೆಸರನ್ನೂ ಎಷ್ಟು ಮಿಲಿಗ್ರಾಂ ಎಂಬುದನ್ನೂ ಓದಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಾಂತಿಕ. ರಕ್ತದ ಒತ್ತಡವುಳ್ಳವರು ಮಂಡಿ ನೋವಿಗೆಂದು ಅಂಗಡಿಯಿಂದ ತಾವಾಗಿಯೇ ಡೈಕ್ಲೊಫೆನಾಕ್ ಕೊಂಡು ನುಂಗುತ್ತಾ ಹೋದರೆ ಒತ್ತಡವೂ ಏರುವುದು, ಮೂತ್ರಪಿಂಡವೂ ಕೆಡುವುದು. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಕೂಡದು.

ಕೊಲ್ಲಿ ದೇಶಗಳಲ್ಲಿರುವ ಮಕ್ಕಳು ಪ್ರೀತಿಯಿಂದ ಇನ್ಸುಲಿನ್ ತರುವುದುಂಟು. ಎಚ್ಚರಿಕೆ! ನಮ್ಮ ದೇಶದ ಸೀಸೆಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್, ಹೊರದೇಶದ ಸೀಸೆಗಳಲ್ಲಿ 100 ಯೂನಿಟ್ ಇರುತ್ತದೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. ಅದಲುಬದಲಾಗಿ 100ರ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಮದ್ದು ಒಳಹೋಗುವುದು. ಒಡೆಯದ ಸೀಸೆಯು ಫ್ರಿಜ್ಜಿನ ಬಾಗಿಲಿನಲ್ಲಿರಲಿ, ಮಂಜುಗಟ್ಟುವ ಅರೆಯಲ್ಲಿ ಬೇಡ. ಫ್ರಿಜ್ ಇಲ್ಲದವರಿಗೆ ನೆರಳಿನಲ್ಲಿಟ್ಟ ಮಣ್ಣಿನ ಮಡಕೆಯಾದರೂ ಆದೀತು.

ಇದಕ್ಕೆಲ್ಲ ಮನೆಯಲ್ಲಿ ಒಬ್ಬರು ಹೊಣೆ ಹೊರಬೇಕು. ಅದು ಸೊಸೆಯ ಪಾಲಿನ ಕೆಲಸವೆಂದು ಗಂಡುಮಕ್ಕಳು ಕೈತೊಳೆದುಕೊಳ್ಳುವುದು ನಮಗೆ ಸರಿಕಾಣದು. ಓದುಬರಹ ಬಲ್ಲ ಮೊಮ್ಮಗನೂ ಮಾಡಬಹುದು. ಮದ್ದಿನ ಹೆಸರು, ಪ್ರಮಾಣ, ಹೊತ್ತು, ಊಟಕ್ಕೆ ಮೊದಲೋ ನಂತರವೋ, ಯಾತಕ್ಕಾಗಿ ಎಂಬಿಷ್ಟನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಯಾವ ವೈದ್ಯರ ಬಳಿ ಹೋದರೂ ಅದರ ಪ್ರತಿಯನ್ನು ಒಯ್ಯಿರಿ. ಹಣದ ಅಡಚಣೆಯಿಂದ ಮಾತ್ರೆಯನ್ನು ಅರ್ಧರ್ಧ ಮಾಡಿ ನುಂಗುವವರು ನಾಚದೆ ನಮಗೆ ತಿಳಿಸಿರಿ; ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒತ್ತಡಕ್ಕೂ ಸಕ್ಕರೆಗೂ ಸಾಮಾನ್ಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ.

ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಸಭಾಂಗಣದಲ್ಲಿ ದಾದಿಯ ಕೆಲಸ ಬಲ್ಲ ಕನ್ಯಾಸ್ತ್ರೀಯರಿಬ್ಬರು ಕುಳಿತು ಪ್ರತಿಯೊಬ್ಬರ ಕಾಗದವನ್ನೂ ಬರೆದುಕೊಡುವರು. ಡಬ್ಬವನ್ನು ಶುಚಿಮಾಡದೆ ಇದ್ದ ಹಾಗೆಯೇ ತನ್ನಿರಿ. ವೈದ್ಯರ ಚೀಟಿಗಳನ್ನೂ, ಖಾಲಿಯಾದ ಹಾಳೆಗಳನ್ನೂ, ಕನ್ನಡಕವನ್ನೂ ಮರೆಯದಿರಿ.