ಟಿಟಿ, ಗ್ಯಾಸ್ ಸ್ಟೌ, ಸಮುದ್ರ: ಪಿಲ್ಲಗುಂಪೆಯವರ ರಜೆ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ನೈಟ್ ಶಿಫ್ಟ್ ಮುಗಿಸಿ ಕ್ಯಾಬಲ್ಲಿ ತೂಕಡಿಸ್ತಿರೋರಿಗೆ, ಇಲ್ಲಿ ಓದ್ತಿರೋರಿಗೆ, ಎಲ್ಲರಿಗೂ ಸ್ವಾಗತ. ನಾನು ಮಾತಾಡ್ತಿರೋದು ಪಿಲ್ಲಗುಂಪೆಯಿಂದ. ಹೊಸಕೋಟೆ ತಾಲೂಕು. ಊರು ಅಂದ್ರೆ ತಕ್ಷಣ ಗೊತ್ತಾಗಲ್ಲ, ಇಂಡಸ್ಟ್ರಿಯಲ್ ಏರಿಯಾ ಅಂದ್ರೆ 'ಓ, ಅದಾ' ಅಂತಾರೆ.

ಇವತ್ತಿನ ವಿಷಯ ರಜೆ. ಮನೆಮಂದಿಯೆಲ್ಲ ಸೇರಿ ಸಮುದ್ರದ ಹತ್ರ ಹೋಗಿ, ಅಲ್ಲೇ ಟೆಂಟ್ ಹಾಕಿ, ಅಲ್ಲೇ ಅಡುಗೆ ಮಾಡಿ ನಾಲ್ಕು ದಿನ ಇರೋ ಥರದ ರಜೆ. ಇದು ಫ್ರಾನ್ಸ್‌ನವರ ಅಭ್ಯಾಸ ಅಂತ ನಾವೆಲ್ಲ ರೀಲ್ಸ್‌ನಲ್ಲಿ ನೋಡಿರ್ತೀವಿ. ನನಗನ್ನಿಸೋದು, ಇದರಲ್ಲಿ ಮುಕ್ಕಾಲು ಭಾಗ ನಮಗೆ ಮೊದಲೇ ಗೊತ್ತು. ಗೊತ್ತಿಲ್ಲದ ಕಾಲು ಭಾಗ ಮಾತ್ರ ಬಹಳ ಮುಖ್ಯ.

ಮೊದಲು ದೂರದ ಲೆಕ್ಕ ನೋಡೋಣ. ನಮ್ಮ ಹೊಸಕೋಟೆಯ ವಿಶೇಷ ಏನಪ್ಪಾ ಅಂದ್ರೆ ಎರಡು ಕಡೆಗೂ ಸಮುದ್ರದ ದಾರಿ ಇದೆ. ಮನೆ ಮುಂದೆ ಹೋಗೋ ರಾಷ್ಟ್ರೀಯ ಹೆದ್ದಾರಿ 75 ಪಶ್ಚಿಮಕ್ಕೆ ಹಾಸನ, ಶಿರಾಡಿ ಘಾಟ್ ದಾಟಿ ಮಂಗಳೂರಿನ ಪಕ್ಕದ ಬಂಟ್ವಾಳ ಮುಟ್ಟುತ್ತೆ. ಪೂರ್ವಕ್ಕೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗೋದೇ ಹೊಸಕೋಟೆಯಿಂದ. ಕಿಲೋಮೀಟರ್ ಲೆಕ್ಕದಲ್ಲಿ ಚೆನ್ನೈನೇ ಹತ್ತಿರ. ನಮ್ಮ ತಾಲೂಕಲ್ಲಿ ಹರಿಯೋ ದಕ್ಷಿಣ ಪಿನಾಕಿನಿ ಕೂಡ ಪೂರ್ವಕ್ಕೇ ಹೋಗಿ ಬಂಗಾಳಕೊಲ್ಲಿ ಸೇರೋದು. ಆದ್ರೂ ನಾವು ಹೋಗೋದು ಪಶ್ಚಿಮಕ್ಕೆ. ಯಾಕೆ? ದಾರಿಯಲ್ಲಿ ಧರ್ಮಸ್ಥಳ ಇದೆ, ಕುಕ್ಕೆ ಇದೆ. ದೇವರ ಹೆಸರು ಹೇಳದೆ ನಮ್ಮ ಮನೆಗಳಲ್ಲಿ ಯಾರೂ ಟಿಟಿ ಬುಕ್ ಮಾಡಲ್ಲ.

ಟಿಟಿ ಅಂದ್ರೆ ಟೆಂಪೊ ಟ್ರಾವೆಲರ್. ರಾತ್ರಿ ಹತ್ತಕ್ಕೆ ಹೊರಡಬೇಕು ಅಂತ ಮಾತು, ಹೊರಡೋದು ಹನ್ನೆರಡೂವರೆಗೆ. ಮುಂದಿನ ಗಾಜಿಗೆ ನಿಂಬೆಹಣ್ಣು, ಹೂವಿನ ಹಾರ. ಹಿಂದಿನ ಸೀಟಿನ ಕೆಳಗೆ ಚಿಕ್ಕ ಗ್ಯಾಸ್ ಸಿಲಿಂಡರ್, ಬರ್ನರ್, ಎರಡು ದೊಡ್ಡ ಪಾತ್ರೆ, ಕುಡಿಯೋ ನೀರಿನ 20 ಲೀಟರ್ ಕ್ಯಾನ್, ರಾಗಿ ಹಿಟ್ಟು, ಮುದ್ದೆ ಕೋಲು. ಡಬ್ಬಿಯಲ್ಲಿ ಪುಳಿಯೋಗರೆ ಗೊಜ್ಜು. ಬೆಳಗ್ಗೆ ಯಾವುದಾದ್ರೂ ಮರದ ನೆರಳು ಸಿಕ್ಕಿದ ಕಡೆ ಗಾಡಿ ನಿಲ್ಸಿ, ಟಾರ್ಪಾಲ್ ಹಾಸಿ, ಉಪ್ಪಿಟ್ಟು ಬೇಯಿಸೋದು. ಚಿಕ್ಕಮ್ಮ ಈರುಳ್ಳಿ ಹೆಚ್ಚೋದು, ಚಿಕ್ಕಪ್ಪ ನೀರು ತರೋದು, ನಾವು ತಟ್ಟೆ ತೊಳೆಯೋದು. ಇದಕ್ಕೆ ಕ್ಯಾಂಪಿಂಗ್ ಅಂತ ಹೆಸರಿದೆ ಅಂತ ನಮ್ಮಜ್ಜಿಗೆ ಹೇಳಿದ್ರೆ ನಗ್ತಾರೆ.

ಫ್ರಾನ್ಸ್‌ನ ಸಮುದ್ರ ತೀರದ ಕ್ಯಾಂಪ್‌ಸೈಟಲ್ಲೂ ಹೆಚ್ಚುಕಮ್ಮಿ ಇದೇ ನಡೆಯೋದು. ಅಳತೆ ಮಾಡಿ ನಂಬರ್ ಹಾಕಿದ ಜಾಗ. ಆ ಜಾಗದ ಬಾಡಿಗೆ ಕೊಟ್ಟು ನಿಮ್ಮ ಟೆಂಟ್ ನೀವು ಹಾಕ್ಕೋಬೇಕು. ಸ್ನಾನ, ಶೌಚ, ಪಾತ್ರೆ ತೊಳೆಯೋ ತೊಟ್ಟಿ ಎಲ್ಲರಿಗೂ ಒಂದೇ. ಬೇಸಿನ್ ಕೈಯಲ್ಲಿ ಹಿಡಿದು ಸಾಲಲ್ಲಿ ನಿಂತಾಗಲೇ ಪಕ್ಕದ ಟೆಂಟಿನವರ ಪರಿಚಯ. ಎಷ್ಟೋ ಊರುಗಳಲ್ಲಿ ಇದನ್ನ ನಡೆಸೋದು ಅಲ್ಲಿನ ಪುರಸಭೆ. ಒಂದೇ ಕುಟುಂಬ ವರ್ಷ ವರ್ಷ ಅದೇ ಜಾಗಕ್ಕೆ ಹೋಗೋದೂ ಉಂಟು.

ಆದ್ರೆ ಈ ಅಭ್ಯಾಸ ತಾನಾಗೇ ಬಂದಿದ್ದಲ್ಲ. ಸಮುದ್ರ ಸ್ನಾನ ಮೊದಲು ಅಲ್ಲೂ ದುಡ್ಡಿದ್ದವರ ಶೋಕಿ ಆಗಿತ್ತು. 1936ರಲ್ಲಿ ಕಾರ್ಖಾನೆ ಕೆಲಸಗಾರರು ದೊಡ್ಡ ಮುಷ್ಕರ ಮಾಡಿದ್ರು. ಆಗಿನ ಲೆಯೋಂ ಬ್ಲೂಮ್ ಸರ್ಕಾರ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕಾನೂನು ತಂತು. ರಜೆ ಕೊಟ್ರೆ ಸಾಲದು ಅಂತ ರಿಯಾಯಿತಿ ರೈಲು ಟಿಕೆಟ್ ಕೂಡ ಕೊಟ್ರು. ಆ ಬೇಸಿಗೆಯಲ್ಲಿ ಸಮುದ್ರವನ್ನ ಮೊದಲ ಸಲ ಕಂಡ ಕೆಲಸಗಾರರು ಎಷ್ಟೋ ಜನ. ಹೋಟೆಲಿಗೆ ದುಡ್ಡಿಲ್ಲ, ಅದಕ್ಕೇ ಟೆಂಟ್. ಎರಡು ವಾರ ಇದ್ದದ್ದು 1982ರ ಹೊತ್ತಿಗೆ ಐದು ವಾರ ಆಯ್ತು. ಅಂದ್ರೆ ಟೆಂಟ್‌ಗಿಂತ ಮೊದಲು ಬಂದದ್ದು ರಜೆಯ ಕಾನೂನು.

ಈಗ ಪಿಲ್ಲಗುಂಪೆಗೆ ಬನ್ನಿ. ನಮ್ಮಪ್ಪ ಮಷಿನ್ ಆಪರೇಟರ್. ಹೋದ ವರ್ಷ ಕೇಳಿದೆ, "ಅಪ್ಪಾ, ನಿಂಗೆ ರಜೆ ಎಷ್ಟಿದೆ?"

"ಇರ್ಬೇಕು ನೋಡು, ಸ್ಲಿಪ್ಪಲ್ಲಿ ಏನೋ ಬರ್ದಿರ್ತಾರೆ."

ಸ್ಲಿಪ್ಪಲ್ಲಿ ಇ.ಎಲ್. ಅಂತ ಇತ್ತು. ಗಳಿಕೆ ರಜೆ. ಅಪ್ಪ ಅದನ್ನ ಪ್ರತಿ ವರ್ಷ ದುಡ್ಡಾಗಿ ತಗೋತಿದ್ರು. ಜೂನ್ ಬಂತು ಅಂದ್ರೆ ನಮ್ಮ ಫೀಸು, ಪುಸ್ತಕ, ಬಸ್ ಪಾಸು. ಅವರ ರಜೆ ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ, ನಾನು ಓದಿದ ಡಿಗ್ರಿಗೆ ಹೋಯ್ತು. ಇದನ್ನ ದೂರು ಅಂತ ಹೇಳ್ತಿಲ್ಲ. ನಮ್ಮ ಏರಿಯಾದಲ್ಲಿ ಸುಮಾರು ಮನೆಗಳ ಕಥೆ ಇದೇ.

ಆದ್ರೆ ಕಾನೂನು ತಿಳ್ಕೊಂಡಿರಿ. 2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ರೆ, ಮುಂದಿನ ವರ್ಷ 20 ದಿನದ ಕೆಲಸಕ್ಕೆ 1 ದಿನ ಸಂಬಳ ಸಹಿತ ರಜೆ ಸಿಗ್ತಿತ್ತು. ಅಂದ್ರೆ ಕನಿಷ್ಠ 12 ದಿನ. ಹಬ್ಬದ ರಜೆ, ವಾರದ ರಜೆ ಇದರಲ್ಲಿ ಸೇರ್ತಿರಲಿಲ್ಲ. ಇದರ ಜಾಗಕ್ಕೆ ತಂದ 2020ರ ಸಂಹಿತೆಯಲ್ಲಿ 240 ದಿನ ಅನ್ನೋದು 180ಕ್ಕೆ ಇಳಿದಿದೆ. ಇನ್ನೊಂದು ಮಾತು. ಆ 48ರ ಕಾಯ್ದೆಯಲ್ಲೇ 'ಕೆಲಸಗಾರ' ಅಂದ್ರೆ ಗುತ್ತಿಗೆದಾರನ ಮೂಲಕ ಬಂದವನೂ ಸೇರ್ತಿದ್ದ. 'ನೀನು ಕಾಂಟ್ರಾಕ್ಟು, ನಿಂಗೆ ರಜೆ ಇಲ್ಲ' ಅಂತ ಯಾರಾದ್ರೂ ಹೇಳಿದ್ರೆ ಸುಮ್ಮನೆ ತಲೆ ಆಡಿಸಬೇಡಿ, ಕಾರ್ಮಿಕ ಇಲಾಖೆಯಲ್ಲಿ ಕೇಳಿ.

ಅಪ್ಪ ಐದು ದಿನ ಬರೆದುಕೊಟ್ರು. ಮೇ ತಿಂಗಳು. ಹನ್ನೆರಡು ಜನ, ಒಂದು ಟಿಟಿ, ಡೀಸೆಲ್ಲು, ಡ್ರೈವರ್ ಬಾಟಾ ಎಲ್ಲ ಹಂಚಿಕೊಂಡ್ವಿ. ಧರ್ಮಸ್ಥಳ, ಉಡುಪಿ ಮುಗಿಸಿ ಹೆದ್ದಾರಿ 66 ಹಿಡಿದ್ವಿ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಸಮುದ್ರ, ಮಧ್ಯೆ ರೋಡು. ಅಮ್ಮ ಎರಡು ಕಿಟಕಿಗೂ ಓಡಾಡಿ ನೋಡಿದ್ರು. ಹೊನ್ನಾವರದ ಹತ್ರ ಒಬ್ಬ ಅಕ್ಕನ ತೆಂಗಿನ ತೋಟದಲ್ಲಿ ಇಳಿದುಕೊಂಡ್ವಿ. ಹೆಂಗಸರಿಗೆ ಎರಡು ರೂಮು, ನಮಗೆ ಟೆಂಟು, ಅಂಗಳದಲ್ಲಿ ಒಲೆ. ಅಪ್ಪ ಮೊದಲನೇ ದಿನ ಬೆಳಗ್ಗೆ ಐದೂವರೆಗೆ ಎದ್ದು ಶಿಫ್ಟಿಗೆ ಲೇಟಾಯ್ತು ಅಂತ ಚಪ್ಪಲಿ ಹುಡುಕಿದ್ರು. ಮೂರನೇ ದಿನ ಎಂಟರ ತನಕ ಮಲಗಿದ್ರು. ಅವರು ಎಂಟರ ತನಕ ಮಲಗಿದ್ದನ್ನ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ.

ಇಲ್ಲಿಂದ ಆ ಕಾಲು ಭಾಗದ ವಿಷಯ. ನಾವು ಕೆರೆ ಜನ. ಹೊಸಕೋಟೆ ದೊಡ್ಡ ಕೆರೆ ನೋಡಿ ಬೆಳೆದವರು. ನೀರು ಅಂದ್ರೆ ನಿಂತಿರೋದು, ಆಳ ಅಂದ್ರೆ ನಿಧಾನಕ್ಕೆ ಬರೋದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಸಮುದ್ರ ಹಾಗಲ್ಲ. 2024ರ ಡಿಸೆಂಬರ್‌ನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ಕು ಹುಡುಗಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದ್ರು. ನಮ್ಮ ಥರಾನೇ ಒಳನಾಡಿನ ಮಕ್ಕಳು. ಆ ಸುದ್ದಿ ಬಂದ ಮೇಲೆ ನಮ್ಮ ಕಡೆ ಎಷ್ಟೋ ಮನೆಯಲ್ಲಿ 'ಸಮುದ್ರದ ಸಹವಾಸವೇ ಬೇಡ' ಅಂದ್ರು. ಆ ಭಯ ನನಗೆ ಅರ್ಥ ಆಗುತ್ತೆ. ಆದ್ರೆ ಹೋಗಬೇಡಿ ಅನ್ನೋದಕ್ಕಿಂತ ಹೇಗೆ ಹೋಗಬೇಕು ಅನ್ನೋದನ್ನ ಕಲಿಸಬೇಕು.

ತೋಟದ ಅಕ್ಕ ನಮಗೆ ಮೊದಲು ಹೇಳಿದ್ದೇ ಅದು. "ಆಚೆ ಅಳಿವೆ ಉಂಟು, ಅಲ್ಲಿ ಇಳೀಬೇಡಿ. ಹೊಳೆ ಸಮುದ್ರ ಸೇರೋ ಜಾಗ, ಸೆಳೆತ ಜಾಸ್ತಿ." ಅಳಿವೆ ಅನ್ನೋ ಪದವೇ ನಾನು ಆಗ ಮೊದಲ ಸಲ ಕೇಳಿದ್ದು.

ಸೆಳೆತ ಹೇಗಿರುತ್ತೆ ಅಂದ್ರೆ, ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಬೇಕಲ್ಲ, ಅದು ಒಂದು ಕಿರಿದಾದ ಕಾಲುವೆ ಥರ ದಾರಿ ಮಾಡ್ಕೊಂಡು ಜೋರಾಗಿ ಒಳಗೆ ಹೋಗುತ್ತೆ. ಮೋಸ ಏನಂದ್ರೆ, ಆ ಜಾಗದಲ್ಲಿ ಅಲೆ ಒಡೆಯಲ್ಲ. ನೋಡೋಕೆ ಶಾಂತವಾಗಿರುತ್ತೆ. ಹೊಸಬರು 'ಇಲ್ಲಿ ಅಲೆ ಕಮ್ಮಿ' ಅಂತ ಅಲ್ಲೇ ಇಳೀತಾರೆ. ಫ್ರಾನ್ಸ್‌ನ ಅಟ್ಲಾಂಟಿಕ್ ತೀರದಲ್ಲೂ ಇಂಥ ಸೆಳೆತ ಇದೆ. ಅಲ್ಲಿ ಶಾಲೆಯ ಪಾಠದಲ್ಲೇ ಈಜು ಸೇರಿದೆ. ನಮ್ಮಲ್ಲಿ ಈಜು ಕಲಿಸ್ತಿದ್ದ ಬಾವಿಗಳು ಬತ್ತಿಹೋಗಿವೆ.

ಸಿಕ್ಕಿಹಾಕ್ಕೊಂಡ್ರೆ ದಡದ ಕಡೆಗೆ ನೇರ ಈಜೋಕೆ ಹೋಗಬೇಡಿ, ಸುಸ್ತಾಗಿ ಮುಳುಗ್ತೀರಿ. ತೇಲೋಕೆ ನೋಡಿ, ಕೈ ಎತ್ತಿ ಕೂಗಿ. ಈಜು ಬರೋರು ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ಸೆಳೆತ ದಾಟಿದ ಮೇಲೆ ದಡಕ್ಕೆ ಬನ್ನಿ. ದಡದಲ್ಲಿರೋರು ಹಿಂದೆಮುಂದೆ ನೋಡದೆ ಹಾರಬೇಡಿ. ಟಿಟಿಯಲ್ಲಿ ಖಾಲಿ ನೀರಿನ ಕ್ಯಾನ್ ಇರುತ್ತಲ್ಲ, ಮುಚ್ಚಳ ಬಿಗಿ ಮಾಡಿ ಎಸೀರಿ, ಅದು ತೇಲುತ್ತೆ. ಲೈಫ್‌ಗಾರ್ಡ್ ಕರೀರಿ, 112ಕ್ಕೆ ಫೋನ್ ಮಾಡಿ. ಸೀರೆ ಉಟ್ಟ ಅಜ್ಜಿ, ಅಮ್ಮಂದಿರು ಪಾದ ಮುಳುಗೋಷ್ಟರಲ್ಲೇ ನಿಲ್ಲಲಿ. ನೆನೆದ ಸೀರೆ ಭಾರ, ಕಾಲ ಕೆಳಗಿನ ಮರಳೂ ಜಾರ್ತಾ ಇರುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಲ, ಆಗ ನೀರಿಗೆ ಇಳಿಯೋದೇ ಬೇಡ. ಲೈಫ್‌ಗಾರ್ಡ್ ಇರೋ ಬೀಚನ್ನೇ ಆರಿಸಿ. ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ, ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ತು. ನೀರಿನ ಶುಚಿ, ಸುರಕ್ಷತೆ ನೋಡಿ ಕೊಡೋ ಗುರುತು ಅದು. ಅದು ಶುರುವಾಗಿದ್ದು 1985ರಲ್ಲಿ, ಎಲ್ಲಿ ಗೊತ್ತಾ? ಫ್ರಾನ್ಸ್‌ನಲ್ಲೇ.

ಕೊನೆಯದಾಗಿ ಎರಡು ಕೆಲಸ ಹೇಳ್ತೀನಿ. ಕಾಸಿನ ಕೆಲಸ ಅಲ್ಲ. ಒಂದು, ಇವತ್ತು ಮನೆಗೆ ಹೋಗಿ ಅಪ್ಪನದೋ ಅಮ್ಮನದೋ ಸಂಬಳದ ಸ್ಲಿಪ್ ತೆಗೆದು, ರಜೆ ಎಷ್ಟು ಉಳಿದಿದೆ ನೋಡಿ. ಎರಡು, ಈ ಸೆಳೆತದ ವಿಷಯವನ್ನ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದು ವಾಯ್ಸ್ ನೋಟ್ ಮಾಡಿ ಹಾಕಿ, ಓದೋಕೆ ಬರದ ಅಜ್ಜಿಗೂ ಕೇಳಿಸಲಿ. ದಸರಾ ರಜೆಗೆ ಟಿಟಿ ಬುಕ್ ಮಾಡೋರಿದ್ರೆ ಈಗಲೇ ಮಾಡಿ, ಆಯುಧಪೂಜೆ ಹತ್ರ ಬಂದ್ರೆ ಗಾಡಿ ಸಿಗಲ್ಲ.

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಬರ್ತೀನಿ. ಹುಷಾರಾಗಿರಿ, ನಮಸ್ಕಾರ.